ಅಂಚಿನ ಉಬ್ಬು

"ಇವತ್ತೂ ಅಂಚು ಉಬ್ಬಿದೆ," ಎಂದರು ಪಾರ್ವತಮ್ಮ. "ನಿನ್ನೆ ಸಂಜೆ ಸರಿಯಾಗಿತ್ತು. ನಾನು ಬರೋಕೆ ಮುಂಚೆ ಉಜ್ಜಿದ್ರಾ?"

"ಇಲ್ಲ ಮೇಡಂ. ಎತ್ತಿ ಸ್ಟ್ಯಾಂಡ್ ಮೇಲಿಟ್ಟೆ, ಅಷ್ಟೇ," ಎಂದರು ಏಕಾಂತಯ್ಯ.

ತೊಂಬತ್ತೆಂಟರ ಬೇಸಿಗೆಯಿಂದ ಮಲ್ಲೇಶ್ವರದ ಪಾರ್ವತಮ್ಮನ ಮನೆಯ ಔಟ್‌ಹೌಸಿನಲ್ಲಿ ಇಬ್ಬರೂ ಸೇರಿ ಟೆಲಿಸ್ಕೋಪಿಗೆ ಎಂಟಿಂಚಿನ ಕನ್ನಡಿ ಮಾಡುತ್ತಿದ್ದರು. ಕಾರ್ಖಾನೆಯ ಫಿಟ್ಟರಾಗಿ ನಿವೃತ್ತರಾದ ಏಕಾಂತಯ್ಯ ಗಾಜು ಉಜ್ಜುವವರು, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದ ಪಾರ್ವತಮ್ಮ ಅಳೆಯುವವರು. ಎದುರಿಗೆ ಸಣ್ಣ ದೀಪವಿಟ್ಟು, ಗಾಜಿನಿಂದ ಮರಳುವ ಬೆಳಕಿಗೆ ಬ್ಲೇಡು ಅಡ್ಡ ಹಿಡಿದರೆ ಕೂದಲೆಳೆಗಿಂತ ಸಣ್ಣ ಉಬ್ಬೂ ನೆರಳಾಗಿ ಕಾಣುತ್ತಿತ್ತು. ಅದೂ ಮೂವತ್ತು ವರ್ಷ ಕಾಪಿ ಹೊಡೆಯುವವರನ್ನು ಹಿಡಿದ ಕಣ್ಣಿಗೆ.

ಪಾರ್ವತಮ್ಮ ಕಾಫಿ ಮಾಡಿ ತರುವಷ್ಟರಲ್ಲಿ ಉಬ್ಬು ಮಾಯವಾಗಿತ್ತು. ಏಕಾಂತಯ್ಯ ಪಕ್ಕದಲ್ಲೇ ಪೇಪರ್ ಓದುತ್ತಿದ್ದರು. ಸಿಕ್ಕಿಬಿದ್ದ ಮೇಲೆ ಸರಿಮಾಡಿ, ಪೇಪರ್ ಓದುವ ನಾಟಕ ಬೇರೆ ಎಂದುಕೊಂಡರು ಪಾರ್ವತಮ್ಮ. ಅಂದು ಪಾಲಿಶ್ ಪುಡಿಯ ಡಬ್ಬಿಗೆ ಗುಟ್ಟಾಗಿ ದಾರ ಕಟ್ಟಿದರು. ಮರುದಿನ ಅಂಚು ಮತ್ತೆ ಉಬ್ಬಿತ್ತು, ದಾರ ಮಾತ್ರ ಬಿಚ್ಚಿರಲಿಲ್ಲ. ಮನೆಯಿಂದಲೇ ಪುಡಿ ತರುತ್ತಿರಬೇಕು, ಭಾರೀ ಪಾಕಡಾ ಆಸಾಮಿ.

ಶನಿವಾರ ಕೇಳಿಯೇಬಿಟ್ಟರು. "ಬೀಗದ ಕೈ ಕೊಟ್ಬಿಡಿ. ನಿಮ್ಮ ಕೈ ಸುಮ್ನಿರಲ್ಲ. ಇನ್ಮೇಲೆ ನಾನಿಲ್ದಾಗ ಗಾಜು ಮುಟ್ಬೇಡಿ."

ಏಕಾಂತಯ್ಯ ಬೀಗದ ಕೈಯನ್ನು ಮೇಜಿನ ಮೇಲಿಟ್ಟರು. "ಮೂವತ್ತೈದು ವರ್ಷ ಫ್ಯಾಕ್ಟ್ರೀಲಿದ್ದೆ ಮೇಡಂ. ಗೇಟಲ್ಲಿ ಒಂದಿನಾನೂ ನನ್ನ ಜೇಬು ತಡಕಿರ್ಲಿಲ್ಲ," ಎಂದು ಹೊರಟರು.

ಗಂಡ ತೀರಿಕೊಂಡ ಮೇಲೆ ಶನಿಯ ಉಂಗುರದ ಮಾತಾಡಲು ಪಾರ್ವತಮ್ಮನಿಗಿದ್ದದ್ದು ಈ ಮನುಷ್ಯ ಒಬ್ಬರೇ. ಆದರೂ ಕರೆಯಲಿಲ್ಲ.

ಭಾನುವಾರ ತಾವೇ ಎರಡೂ ಕೈಯಲ್ಲಿ ಗಾಜನ್ನು ಎತ್ತಿ ಸ್ಟ್ಯಾಂಡಿಗಿಟ್ಟು, ಬ್ಲೇಡಿಗೆ ಕಣ್ಣಿಟ್ಟರು. ಅಂಚಿನಲ್ಲಿ ಅದೇ ಉಬ್ಬು, ತಮ್ಮ ಬೆರಳು ಹಿಡಿದಿದ್ದ ಜಾಗದಲ್ಲೇ. ನೋಡುತ್ತಾ ಕೂತರು. ಅರ್ಧ ಗಂಟೆಯಲ್ಲಿ ಅದು ತಾನಾಗಿ ಇಳಿದುಹೋಯಿತು. ಶಾಖಕ್ಕೆ ವಸ್ತುಗಳು ಹಿಗ್ಗುತ್ತವೆ ಎಂದು ವರ್ಷ ವರ್ಷವೂ ಬೋರ್ಡಿನ ಮೇಲೆ ಬರೆದವರು ಅವರೇ. ನಾಚಿಕೆಯಿಂದ ಮೈ ಹಿಡಿಯಾಯಿತು.

ಹಿಂದಿನ ಬೀದಿಯಲ್ಲಿದ್ದ ಏಕಾಂತಯ್ಯನ ಮನೆಗೆ ಆಗಲೇ ಹೋದರು. "ಕೈ ಬಿಸಿಗೆ ಗಾಜು ಉಬ್ತಿತ್ತು. ನೀವೇನೂ ಮಾಡಿಲ್ಲ. ತಪ್ಪು ನಂದು, ಬನ್ನಿ."

"ಹೌದಾ ಮೇಡಂ," ಎಂದು ಏಕಾಂತಯ್ಯ ಷರಟು ತೊಟ್ಟು ಜೊತೆಗೆ ಬಂದರು.

ಪಾರ್ವತಮ್ಮ ಗಾಜಿನ ಮೇಲಿನ ಬಟ್ಟೆ ಸರಿಸಿದರು. "ಎತ್ತಿ ಈ ಕಡೆ ಇಡಿ. ಇವತ್ತಿಂದ ಮತ್ತೆ ಶುರು ಮಾಡೋಣ."

ಏಕಾಂತಯ್ಯ ಬಾಗಿ ಗಾಜನ್ನು ಅಕ್ಕರೆಯಿಂದಲೇ ನೋಡಿದರು. "ನೀವೇ ಎತ್ಕೊಡಿ ಮೇಡಂ," ಎಂದರು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು.