ಸಿದ್ದಮ್ಮನ ಹಾಜರಿ

“ಹಾರೆ ಕೆಳಗಿಡು ಮಾರಾಯ! ಗುಂಡಿ ದಿಕ್ಕು ತಪ್ಪಿದೆ!”

ಚೌಡಯ್ಯ ಏದುಸಿರು ಬಿಡುತ್ತ ಇಳಿಜಾರಿನಲ್ಲಿ ಓಡಿಬಂದ. ಎದೆಮಟ್ಟದ ಗುಂಡಿಯೊಳಗೆ ನಿಂತಿದ್ದ ಭೂತಯ್ಯ ಹಾರೆ ಕೆಳಗಿಡಲಿಲ್ಲ. ಇನ್ನೊಂದು ಮಣ್ಣಿನ ಹೆಂಟೆ ಎತ್ತಿ ಚೌಡಯ್ಯನ ಕಾಲಬುಡಕ್ಕೇ ಬೀಳುವಂತೆ ಎಸೆದ.

“ದಿಕ್ಕು ತಪ್ಪಿರೋದು ಗುಂಡಿಗಲ್ಲ, ನಿಂಗೆ.”

ಚಟ್ಟ ಹೊತ್ತವರು ಅದನ್ನು ಸಿಲ್ವರ್ ಓಕ್ ಮರದ ಕೆಳಗೆ ಇಳಿಸಿದರು. ರಂಜಿತಾ ತಾಯಿಯ ತಲೆಯ ಬಳಿ ನಿಂತಳು. ಸಿದ್ದಮ್ಮ ಹಿಂದಿನ ಮಧ್ಯಾಹ್ನ ಎಸ್ಟೇಟ್ ಕೂಲಿಗಳ ಲೈನ್ ಮನೆಯ ಜಗಲಿಯಲ್ಲಿ ಮೆಣಸು ಬಿಡಿಸುತ್ತ ಕೂತವಳು, ಗೋಡೆಗೆ ತಲೆಯಾನಿಸಿ ಹಾಗೇ ಹೋಗಿಬಿಟ್ಟಿದ್ದಳು. ಬಣಕಲ್ಲಿನ ಬೇಕರಿಯಿಂದ ರಂಜಿತಾ ಓಡಿ ಬರುವಷ್ಟರಲ್ಲಿ ಸಿದ್ದಮ್ಮನ ಗೆಳತಿ ದೇವೀರಮ್ಮ ಅವಳ ಮುಷ್ಟಿಯಿಂದ ಮೆಣಸಿನ ಕಾಳು ಬಿಡಿಸಿ ತೆಗೆದಿದ್ದಳು.

ಭೂತಯ್ಯ ಸಿದ್ದಮ್ಮನ ಅಣ್ಣ. ತಂಗಿ ಯೇಸುವಿನ ಸಭೆ ಸೇರಿದ ಮೇಲೆ ಅವಳ ಹೊಸಿಲು ತುಳಿದವನಲ್ಲ. ಈ ಬೆಳಗ್ಗೆ ಮಾತ್ರ ಯಾರೂ ಕರೆಯದೆ ಹಾರೆ, ಗುದ್ದಲಿ ಹೊತ್ತು ಬಂದು, ಎಸ್ಟೇಟಿನ ಅಂಚಿನ ಈ ಜಾಗದಲ್ಲಿ ತನ್ನ ಹಿರಿಯರಿಗೆ ಅಗೆದಂತೆಯೇ ಅಗೆದಿದ್ದ. ತಲೆ ದಕ್ಷಿಣಕ್ಕೆ, ಕಾಲು ಉತ್ತರಕ್ಕೆ. ಸಭೆಯವರು ಸತ್ತವರನ್ನು ಪೂರ್ವಕ್ಕೆ ಕಾಲು ಬರುವಂತೆ ಮಲಗಿಸುತ್ತಾರೆಂದು ಅವನಿಗೆ ಯಾರು ಹೇಳಬೇಕಿತ್ತು? ಅಂಥ ಮಾತುಕತೆಯೇ ಆ ಮನೆಗೂ ಈ ಮನೆಗೂ ನಡುವೆ ಉಳಿದಿರಲಿಲ್ಲ.

“ಕರ್ತ ಬರೋದು ಮೂಡಣದಿಂದ,” ಎಂದ ಚೌಡಯ್ಯ. ಸಭೆಯಲ್ಲಿ ಅವನ ಹೆಸರು ದಾನಿಯೇಲಪ್ಪ, ಅಲ್ಲಿನ ಹಿರಿಯರಲ್ಲೊಬ್ಬ. ಲೈನಿನವರ ಬಾಯಲ್ಲಿ ಇನ್ನೂ ಚೌಡಯ್ಯನೇ. “ಆವತ್ತು ಎದ್ದಾಗ ಸಿದ್ದಮ್ಮ ಅವನ ಮುಖ ನೋಡ್ಬೇಕೋ ಬೇಡ್ವೋ? ಪಕ್ಕದಲ್ಲಿ ಇನ್ನೊಂದು ತೋಡೋಣ. ಹುಡುಗ್ರಿದಾರೆ, ಎಷ್ಟೊತ್ತಿನ ಕೆಲಸ.”

“ಇನ್ನೊಂದಾ? ಇದನ್ನ ಎಂತ ಮಾಡ್ತೀಯ?”

“ಮುಚ್ಚಿಬಿಡೋದು.”

“ತೋಡಿದ ಗುಂಡಿ ಬರಿದೆ ಮುಚ್ಚಿದ್ರೆ ಅದು ಸುಮ್ನಿರಲ್ಲ. ಮನೇಲಿ ಇನ್ನೊಬ್ರನ್ನ ಕೇಳುತ್ತೆ.” ಭೂತಯ್ಯ ಹಾರೆಯ ತುದಿಯಿಂದ ರಂಜಿತಾಳನ್ನು ತೋರಿಸಿದ. “ಆ ಮನೇಲಿ ಉಳಿದಿರೋದು ಯಾರು? ಇವಳೊಬ್ಳು.”

ಗುಡ್ಡದಾಚೆ ಮೋಡ ಕಪ್ಪಾಗುತ್ತಿತ್ತು.

“ಇಬ್ರೂ ಗುಂಡಿ ಒಳಗಿಳಿದೇ ಜಗಳ ಆಡಿ ಮಾರಾಯ್ರೆ,” ಎಂದಳು ದೇವೀರಮ್ಮ. “ಮೇಲಿಂದ ನಾವು ಮಣ್ಣೆಳೀತೀವಿ. ಆ ಮಳೆ ಇಳಿದ್ರೆ ಸಿದ್ದೀನ ನೀರಲ್ಲಿ ಬಿಡ್ಬೇಕಾಗುತ್ತೆ.”

ಪಾಸ್ಟರು ಕಳಸದ ಕಡೆ ಹೋಗಿದ್ದರು. ದಾರಿಗೆ ಮರ ಬಿದ್ದು ಬಸ್ಸು ನಿಂತಿದೆಯೆಂದು ಆಗಲೇ ಫೋನು ಮಾಡಿದ್ದರು. ಪ್ರಾರ್ಥನೆ ಹೇಳಬೇಕಾದವನು ಚೌಡಯ್ಯ. ಅವನು ಕೈ ಕಟ್ಟಿ ನಿಂತುಬಿಟ್ಟ.

“ಅಡ್ಡ ಗುಂಡಿಗೆ ನಾನು ಪ್ರಾರ್ಥನೆ ಹೇಳಲ್ಲ.”

“ಬೇಡ ಬಿಡು. ನಮ್ಮ ಶಾಸ್ತ್ರ ನಮಗಿದೆ.” ಭೂತಯ್ಯ ಸೊಂಟದ ಗಂಟು ಬಿಚ್ಚಿದ. ಅದರಲ್ಲಿ ಅಕ್ಕಿಯಿತ್ತು. “ನಾ ಬಾಯಿಗೆ ಅಕ್ಕಿ ಹಾಕಿ ಕಳಿಸ್ತೀನಿ ನನ್ನ ತಂಗೀನ.”

“ಅವಳು ಸಭೆಯೋಳು!”

“ಅದಕ್ಕೂ ಮೊದ್ಲು ನನ್ನವ್ವನ ಮಗಳು!”

ದೇವೀರಮ್ಮ ಇಬ್ಬರನ್ನೂ ಬಿಟ್ಟು ರಂಜಿತಾಳ ತೋಳು ಹಿಡಿದಳು. “ಸಿದ್ದಿ ನಿಂಗೆ ಹೇಳಿದ್ಲಲ್ಲ ಕಣೆ. ಸ್ವಾಮಿ ಮುಂದೆ ಕೊನೇ ಹಾಜರಿ ನೀನೇ ಕೂಗ್ಬೇಕು ಅಂತ.”

ಹೇಳಿದ್ದಳು. ರಂಜಿತಾ ಆಗ ಹೂಂ ಅಂದಿರಲಿಲ್ಲ. ಇರುವನೋ ಇಲ್ಲವೋ ತಿಳಿಯದವನ ಮುಂದೆ ತಾಯಿಯ ಹೆಸರು ಕೂಗುವುದು ಹೇಗೆ? ಅವ್ವನ ಹೆಣದೆದುರು ಸುಳ್ಳು ಹೇಳಿದಂತಾಗುವುದಿಲ್ಲವೇ?

*

ವರ್ಷಗಳ ಹಿಂದೆ ರಂಜಿತಾಳ ತಮ್ಮ ಲಿಖಿತ್ ಜ್ವರದಲ್ಲಿ ತೀರಿಕೊಂಡಾಗ ಆಸ್ಪತ್ರೆಯ ಹೊರಗೆ ಇಡೀ ಸಭೆ ಮಂಡಿಯೂರಿತ್ತು. ಒಳಗೆ ಡಾಕ್ಟರು ತಲೆಯಾಡಿಸಿದ ಮೇಲೂ ಅವರ ಹಾಡು ನಿಂತಿರಲಿಲ್ಲ. ಸಿದ್ದಮ್ಮ ಹೊರಗೆ ಬಂದು, “ಸಾಕು, ಎದ್ದೇಳಿ. ನಿಮ್ಮ ಸ್ವಾಮಿ ಇವತ್ತು ರಜೆ,” ಎಂದಿದ್ದಳು.

ಆಮೇಲೆ ಅವಳು ಪ್ರಾರ್ಥನೆಗೆ ಹೋಗಲಿಲ್ಲ. ಭಾನುವಾರ ಸಭೆಯವರು ಬಾಗಿಲು ತಟ್ಟಿದರೆ ಒಲೆ ಊದುತ್ತ ಕೂತಿರುತ್ತಿದ್ದಳು. ಒಲೆಯಲ್ಲಿ ಬೆಂಕಿಯೇ ಇರುತ್ತಿರಲಿಲ್ಲ. ಭೂತಯ್ಯ, “ಈಗಾದ್ರೂ ಬುದ್ಧಿ ಬಂತಲ್ಲ, ವಾಪಸು ಬಾ,” ಎಂದು ಹೇಳಿ ಕಳಿಸಿದ. ಅಲ್ಲಿಗೂ ಹೋಗಲಿಲ್ಲ. ಒಂದು ಮಳೆಗಾಲ ಹೋಯಿತು, ಒಂದು ಕೊಯ್ಲು ಮುಗಿಯಿತು.

ಆಮೇಲೊಂದು ಬೆಳಗ್ಗೆ ರಂಜಿತಾ ಎದ್ದಾಗ ತಾಯಿ ಕೆಲಸದ ಕೋಟು ತೊಟ್ಟು, ತಲೆಗೆ ವಸ್ತ್ರ ಸುತ್ತಿ, ಮನೆ ನಡುವೆ ನೆಟ್ಟಗೆ ನಿಂತಿದ್ದಳು. ಕಾಫಿ ಕಣದಲ್ಲಿ ಹಾಜರಿ ಬರೆಯುವ ರೈಟರ್ ಹೆಸರು ಕೂಗುವಾಗ ಸಾಲಿನಲ್ಲಿ ನಿಲ್ಲುತ್ತಾರಲ್ಲ, ಹಾಗೆ.

“ಸ್ವಾಮಿ, ಸಿದ್ದಮ್ಮ ಬಂದಿದೀನಿ. ನೀನಿದೀಯಾ?”

ಸ್ವಲ್ಪ ಹೊತ್ತು ಕಿವಿಗೊಟ್ಟು ನಿಂತಳು. ಆಮೇಲೆ ಬುತ್ತಿ ಕಟ್ಟಿಕೊಂಡು ತೋಟಕ್ಕೆ ಹೊರಟಳು. ಮರುದಿನವೂ ಅದೇ. ಅದರ ಮರುದಿನವೂ.

“ಉತ್ತರ ಬಂತಾ?” ರಂಜಿತಾ ಒಮ್ಮೆ ಕುಟುಕಿದಳು.

“ಇಲ್ಲ.”

“ಮತ್ತೆ ಎಂತಕ್ಕೆ ದಿನಾ ಕೂಗೋದು? ನಂಬಿಕೆ ಉಳಿದಿದ್ಯಾ ನಿಂಗೆ?”

“ಅದು ಒಂದಿನ ಇರುತ್ತೆ, ಒಂದಿನ ಇರಲ್ಲ. ಮೈಗಾಗದ ದಿನಾನೂ ಹಣ್ಣು ಕೊಯ್ಯೋಕೆ ಹೋಗಿಲ್ವಾ ನಾನು? ರೈಟರ್ ಏನು, ಬಂದಿದೀನಿ ಅಂದ್ರೆ ತಲೆ ಎತ್ತಿ ನೋಡ್ತಾರಾ? ಹಾಜರಿ ಹೇಳೋದು ನಂದು. ಉಳಿದಿದ್ದು ಅವನದು.”

ಕೆಲವು ಬೆಳಗು ಅವಳು ಹಲ್ಲು ಕಚ್ಚಿ ಹೇಳುತ್ತಿದ್ದಳು. ಕೆಲವು ಬೆಳಗು ಅಳುತ್ತ. ಲಿಖಿತ್ ಹುಟ್ಟಿದ ದಿನ ಬಂದರೆ ಬೈಯುತ್ತ. ಆದರೆ ತಪ್ಪಿಸಲಿಲ್ಲ. ಹಾಗೆಯೇ ಮತ್ತೆ ಸಭೆಗೂ ಹೋಗತೊಡಗಿದಳು, ಹಿಂದಿನ ಸಾಲಿನಲ್ಲಿ, ಚಪ್ಪಲಿಗಳ ಪಕ್ಕ.

ಯಾವಾಗಲೋ ಒಂದು ದಿನ ರಂಜಿತಾ ಗಮನಿಸಿದಳು. ಅವ್ವ ‘ಬಂದಿದೀನಿ’ ಎನ್ನುತ್ತಾಳೆ, ‘ನೀನಿದೀಯಾ’ ಎಂದು ಕೇಳುವುದಿಲ್ಲ.

“ಈಗ ಕೇಳಲ್ವಾ?”

ಸಿದ್ದಮ್ಮ ತಲೆವಸ್ತ್ರ ಬಿಗಿಯುತ್ತ ನಕ್ಕಿದ್ದಳು. “ಇಷ್ಟು ವರ್ಷ ಒಬ್ಬಳೇ ನಿಂತಿದ್ರೆ ಕಾಲು ನೋಯ್ತಿತ್ತು ಕಣೆ.”

*

“ಹೇಳು ರಂಜಿ,” ಎಂದ ಚೌಡಯ್ಯ. “ಇನ್ನೊಂದು ತೋಡ್ಲಾ?”

ಗುಂಡಿಯೊಳಗಿಂದ ಭೂತಯ್ಯನೂ ಅವಳನ್ನೇ ನೋಡುತ್ತಿದ್ದ. ಅಕ್ಕಿಯಿದ್ದ ಮುಷ್ಟಿ ಬಿಗಿದಿತ್ತು. ಮೊದಲ ಹನಿ ಹೊಸ ಮಣ್ಣಿನ ಮೇಲೆ ಬಿತ್ತು.

“ಬೇಡ,” ಎಂದಳು ರಂಜಿತಾ. “ಮಾವ ತೋಡಿದ್ರಲ್ಲೇ ಮಲಗ್ಲಿ.”

ಚೌಡಯ್ಯ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ದೂರ ಸರಿದ.

“ಅಕ್ಕೀನೂ ಬೇಡ ಮಾವ. ಅವ್ವಂಗೆ ಇಷ್ಟ ಇರ್ಲಿಲ್ಲ.”

ಭೂತಯ್ಯನ ಮುಖ ಹೊಡೆತ ತಿಂದಂತಾಯಿತು. ಅಕ್ಕಿಯನ್ನು ಮತ್ತೆ ಸೊಂಟಕ್ಕೆ ಕಟ್ಟುವಾಗ ಗಂಟು ಬೀಳಲೇ ಇಲ್ಲ. ಕೊನೆಗೆ ಹಾಗೇ ಸಿಕ್ಕಿಸಿಕೊಂಡು ಎರಡೂ ಕೈ ಮೇಲೆತ್ತಿದ. “ಕೊಡಿ.”

ಬಿಳಿ ಬಟ್ಟೆಯಲ್ಲಿ ಸುತ್ತಿದ್ದ ಸಿದ್ದಮ್ಮನನ್ನು ನಾಲ್ವರು ಇಳಿಸಿದರು. ಅಣ್ಣ ಕೆಳಗಿನಿಂದ ಅವುಚಿ ಹಿಡಿದು, ದಕ್ಷಿಣಕ್ಕೆ ತಲೆಯಿಟ್ಟು ಅಂಗಾತ ಮಲಗಿಸಿದ. ಎಲ್ಲರೂ ರಂಜಿತಾಳತ್ತ ತಿರುಗಿದರು.

ಅವಳು ಗುಂಡಿಯ ಅಂಚಿಗೆ ಬಂದು ನೆಟ್ಟಗೆ ನಿಂತಳು. ಸುಳ್ಳಾದರೆ ಸುಳ್ಳೇ ಆಗಲಿ, ಅವ್ವನ ಹಾಜರಿ ತಪ್ಪಬಾರದು.

“ಸ್ವಾಮಿ, ಸಿದ್ದಮ್ಮ ಬಂದಿದಾಳೆ.”

ಅಷ್ಟಕ್ಕೇ ಮುಗಿಯಬೇಕಿತ್ತು. ಆದರೆ ತುಟಿ ಮುಚ್ಚುವ ಮೊದಲೇ ಇನ್ನೊಂದು ಮಾತು, ತಾಯಿಯದಲ್ಲ, ತನ್ನದೇ, ಹೊರಗೆ ಬಂದಿತ್ತು.

“ನೀನಿದೀಯಾ?”

ಸಿಲ್ವರ್ ಎಲೆಗಳ ಮೇಲೆ ಹನಿಗಳ ಸದ್ದು, ಅಷ್ಟೇ. ರಂಜಿತಾ ಕಿವಿಗೊಟ್ಟು ನಿಂತೇ ಇದ್ದಳು.

“ಚೌಡಯ್ಯ,” ಎಂದ ಭೂತಯ್ಯ ಗುಂಡಿಯಿಂದ, ತಲೆಯೆತ್ತದೆ. “ಅವನು ಎಲ್ಲಿಂದ ಬರ್ತಾನೆ ಅಂದೆ?”

ಚೌಡಯ್ಯ ಹತ್ತಿರ ಬಂದ. ಮೂಡಣದ ಗುಡ್ಡದ ಕಡೆ ಕೈ ತೋರಿಸಿದ.

ಭೂತಯ್ಯ ಮಂಡಿಯೂರಿ, ತಂಗಿಯ ಹೆಗಲು ಸೊಂಟ ಹಿಡಿದು, ಬಲಮಗ್ಗುಲಿಗೆ ಹೊರಳಿಸಿದ. ಕೈ ಸಡಿಲಿಸಿದರೆ ಅವಳು ಮತ್ತೆ ಅಂಗಾತ ಬೀಳುತ್ತಿದ್ದಳು. ಅವನು ಗುಂಡಿಯಂಚಿನ ಹೆಂಟೆಗಳನ್ನು ಎತ್ತಿಕೊಂಡು, ಹೆಬ್ಬೆರಳಿನಿಂದ ಕಲ್ಲುಚೂರು ಆಯ್ದು ಬಿಸಾಡಿ, ಒಂದೊಂದಾಗಿ ಅವಳ ಬೆನ್ನಿಗೆ ಒತ್ತುಕೊಟ್ಟ. ಮುಖ ಗುಡ್ಡದ ಕಡೆಗಾಯಿತು. ಮೆಲ್ಲಗೆ ಕೈ ತೆಗೆದು ನೋಡಿದ. ಅವಳು ಹೊರಳಲಿಲ್ಲ. ಆದರೂ ಆ ಕೈಯನ್ನು ಮತ್ತೆ ಅವಳ ಹೆಗಲ ಮೇಲಿಟ್ಟು, ಮಳೆಯಲ್ಲಿ ಹಾಗೆಯೇ ಕೂತ.