ಬಣ್ಣ ಹಚ್ಚದ ಕ್ಲಿಪ್

“ಇವನೇನು ನಿಮ್ಮಪ್ಪನಾ? ಒಬ್ಬ ವಾಚ್‌ಮನ್‌ಗೆ ಆರು ಸೆಕೆಂಡ್ ಯಾಕೆ ಕೊಟ್ಟಿದೀಯ, ಮುಂಡೇದೆ?”

ಯಜಮಾನ ಹಿಂದಿನಿಂದ ಬಂದು ಕುರ್ಚಿಯ ಕಾಲಿಗೆ ಒದ್ದ. ಅವಳು ಮೇಜನ್ನು ಹಿಡಿದುಕೊಂಡಳು. ಪರದೆಯ ಮೇಲೆ ಆಸ್ಪತ್ರೆಯ ವಾಚ್‌ಮನ್ ಗೇಟು ತೆಗೆಯುತ್ತಾ ಏನೋ ಹೇಳುತ್ತಿದ್ದ.

“ಮಾತು ಮುಗೀಲಿ ಅಂತ ಬಿಟ್ಟೆ ಸಾರ್.”

“ಅವನ ಮಾತು ಯಾವನಿಗೆ ಬೇಕು? ಹಳದಿ ಹಚ್ಚು, ಗುಂಡಿ ಒತ್ತು. ಯೋಚ್ನೆ ಮಾಡೋಕೆ ಅಂತ ನಿನ್ನ ಇಟ್ಕೊಂಡಿದೀನಾ?”

ಅವಳು ಹಳದಿ ಹಚ್ಚಿ ಗುಂಡಿ ಒತ್ತಿದಳು. ವಾಚ್‌ಮನ್ ಎರಡು ಸೆಕೆಂಡಾದ. ಗೇಟು ಪೂರ್ತಿ ತೆರೆಯುವ ಮೊದಲೇ ಮುಂದಿನ ಚಿತ್ರ ಬಂದು ಅವನ ಜಾಗದಲ್ಲಿ ಕೂತಿತು.

ಅವಳು ಕೆಲಸ ಮಾಡುತ್ತಿದ್ದದ್ದು ಚಪ್ಪಲಿ ಅಂಗಡಿಯ ಕೆಳಗಿನ ನೆಲಮಾಳಿಗೆಯಲ್ಲಿ. ಸೂರಿಗೆ ಅಂಟಿಕೊಂಡ ಒಂದು ಕಿಟಕಿಯಲ್ಲಿ ದಿನವಿಡೀ ಹೋಗಿಬರುವವರ ಕಾಲುಗಳು ಮಾತ್ರ ಕಾಣುತ್ತಿದ್ದವು. ಇದ್ದ ಒಂದು ಫ್ಯಾನು ಕಂಪ್ಯೂಟರುಗಳ ಬೆನ್ನಿಗೆ ಗಾಳಿ ಹಾಕುತ್ತಿತ್ತು. ಮನುಷ್ಯರ ಕಡೆ ತಿರುಗಿಸಿದರೆ ಯಜಮಾನ ಬಂದು ವಾಪಸ್ ತಿರುಗಿಸುತ್ತಿದ್ದ. “ನೀವು ಬೆವತ್ರೆ ಒರೆಸ್ಕೋಬಹುದು. ಮಷಿನ್ ಬೆವತ್ರೆ ನಿಮ್ಮಪ್ಪ ತಂದ್ಕೊಡ್ತಾನಾ?”

ಮೊದಲು ಅಲ್ಲಿ ನಾಲ್ಕು ಜನ ಚಿತ್ರ ಕತ್ತರಿಸುತ್ತಿದ್ದರು. ಒಬ್ಬರು ಮಾತಾಡುತ್ತಾ ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ, ಎಲ್ಲಿ ಕಣ್ಣು ಕೆಳಗೆ ಹಾಕುತ್ತಾರೆ ಎಂದು ನೋಡಿ, ಅಲ್ಲಿ ಕತ್ತರಿ ಹಾಕುವುದು ಅವರ ಕೆಲಸ. ಇವಳ ಕೈ ಎಷ್ಟು ನಯವೆಂದರೆ ಎಲ್ಲರೂ ಇವಳನ್ನು ಕತ್ತರಿ ಎಂದೇ ಕರೆದರು. ಆಮೇಲೆ ಯಜಮಾನ ಎಲ್ಲಿಂದಲೋ ಸ್ಕ್ರಿಪ್ಟ್ ಎಂಬ ಒಂದು ಪುಟ್ಟ ಪ್ರೋಗ್ರಾಮ್ ತಂದು ಎಡಿಟಿಂಗ್ ಸಾಫ್ಟ್‌ವೇರಿಗೆ ಜೋಡಿಸಿದ. ಪರದೆಯ ಮೂಲೆಯಲ್ಲಿ ಪುಟ್ಟ ಕಿಟಕಿ, ಅದರಲ್ಲಿ ಮೂರು ಬಣ್ಣ, ಒಂದೊಂದು ಬಣ್ಣದ ಎದುರು ಇಷ್ಟು ಸೆಕೆಂಡು ಎಂದು ಅಂಕಿ. ಕ್ಲಿಪ್ಪುಗಳಿಗೆ ಬಣ್ಣ ಹಚ್ಚಿ ಗುಂಡಿ ಒತ್ತಿದರೆ ಸಾಕು, ಆಯಾ ಬಣ್ಣದ ಉದ್ದಕ್ಕೆ ಎಲ್ಲವನ್ನೂ ಒಟ್ಟಿಗೆ ಕಡಿದು, ನಡುವಿನ ಖಾಲಿ ಜಾಗ ಮುಚ್ಚಿ, ಸಾಲಾಗಿ ನಿಲ್ಲಿಸುತ್ತಿತ್ತು. ಕೆಲಸದವರು ಅದಕ್ಕೆ ಗರಗಸ ಎಂದು ಹೆಸರಿಟ್ಟರು. ಗರಗಸ ಬಂದ ಮೇಲೆ ಮೂವರು ಮನೆಗೆ ಹೋದರು. ಇವಳೊಬ್ಬಳು ಉಳಿದಳು, ಬಣ್ಣ ಹಚ್ಚುವುದಕ್ಕೆ.

ಮಾತು ಕೇಳಿ ಬಣ್ಣ ಹಚ್ಚುವ ಪದ್ಧತಿ ಇರಲಿಲ್ಲ. ಅಷ್ಟು ಹೊತ್ತು ಯಾರಿಗಿದೆ? ಬಟ್ಟೆ ನೋಡಿ ಹಚ್ಚುವುದು. ಬಿಳಿ ಕೋಟು, ಟೈ ಕಂಡರೆ ಕೆಂಪು, ಹದಿನೈದು ಸೆಕೆಂಡು. ಸಮವಸ್ತ್ರದ ನರ್ಸುಗಳಿಗೆ ನೀಲಿ. ಪೊರಕೆ, ಬಕೆಟ್ಟು, ಒದ್ದೆ ಕೈ, ಇಂಥವು ಕಂಡರೆ ಹಳದಿ, ಎರಡೇ ಸೆಕೆಂಡು.

ಈಗ ಕೈಯಲ್ಲಿದ್ದದ್ದು ದೊಡ್ಡ ಆಸ್ಪತ್ರೆಯೊಂದರ ಐವತ್ತನೇ ವರ್ಷದ ಚಿತ್ರ. ಅದೇ ಆಸ್ಪತ್ರೆಯ ಬಟ್ಟೆ ಒಗೆಯುವ ಮನೆಯಲ್ಲಿ ಇವಳ ಅಮ್ಮ ಬಹಳ ವರ್ಷಗಳಿಂದ ದುಡಿಯುತ್ತಿದ್ದಳು. ಕ್ಯಾಮೆರಾದವನು ಅಲ್ಲಿಗೂ ಬಂದು ಹೋಗಿದ್ದ. ಅಂದಿನಿಂದ ಅಮ್ಮ ಓಣಿಯಲ್ಲಿ ಸಿಕ್ಕವರಿಗೆಲ್ಲ ಹೇಳುತ್ತಿದ್ದಳು, “ನಾನು ಪಿಚ್ಚರ್‌ನಲ್ಲಿ ಬರ್ತೀನಿ. ನನ್ನ ಮಗಳೇ ಮಾಡ್ತಿರೋದು.”

ಅಮ್ಮನ ಕ್ಲಿಪ್ ಇವಳು ಕಂಡಿದ್ದಳು. ನೋಡಿದ ಕೂಡಲೇ, ಮಾತು ಕೇಳದೆ, ಪಕ್ಕಕ್ಕೆ ಎತ್ತಿಟ್ಟಿದ್ದಳು. ಬಣ್ಣ ಹಚ್ಚಲು ಕೈ ಬಂದಿರಲಿಲ್ಲ.

*

ಆಸ್ಪತ್ರೆಯ ಮ್ಯಾನೇಜರು ಮೂಗಿಗೆ ಕರವಸ್ತ್ರ ಒತ್ತಿಕೊಂಡು ಮೆಟ್ಟಿಲಿಳಿದು ಬಂದರು. ಯಜಮಾನ ಇವಳ ತೋಳು ಹಿಡಿದೆಬ್ಬಿಸಿ, ಅವಳು ಕೂತಿದ್ದ ಕುರ್ಚಿಯನ್ನು ತನ್ನ ತೋಳಿನಿಂದ ಒರೆಸಿ ಅವರಿಗೆ ಕೊಟ್ಟ. ಅವರು ಚಿತ್ರ ನೋಡುತ್ತಲೇ ಫೋನಿನಲ್ಲಿ ಯಾರಿಗೋ ಹೂವಿನ ಅಲಂಕಾರದ ಬಗ್ಗೆ ಹೇಳುತ್ತಿದ್ದರು. ಮಾತಿಗೆ ಅಡ್ಡಿ ಎಂದು ಚಿತ್ರದ ಸದ್ದು ಕಡಿಮೆ ಮಾಡಿಸಿದರು.

ಎತ್ತಿಟ್ಟ ಕ್ಲಿಪ್ಪನ್ನು ಯಜಮಾನನೇ ತೆರೆದ. ಆವಿ ತುಂಬಿದ ಕೋಣೆ. ಅಮ್ಮ ಒದ್ದೆ ಕೈ ಒರೆಸಿಕೊಂಡು ಕೂದಲು ಸರಿಮಾಡಿಕೊಂಡು ನಕ್ಕಳು. ಆಮೇಲೆ ಅವಳ ಬಾಯಿ ಆಡತೊಡಗಿತು, ನಿಲ್ಲಲೇ ಇಲ್ಲ.

ಮ್ಯಾನೇಜರು ಫೋನನ್ನು ಎದೆಗೆ ಒತ್ತಿಕೊಂಡರು. “ಇದ್ಯಾರ್ರೀ?”

“ಬಟ್ಟೆ ಒಗೆಯೋಳು ಸಾರ್.”

“ಇಷ್ಟುದ್ದ ಏನು ಕೊರೀತಾಳೆ? ಬರೋರೆಲ್ಲ ದೊಡ್ಡ ಜನ ಕಣ್ರಿ. ಇಂಥೋರ್ದು ಹಲ್ಲು ತೋರ್ಸಿ, ಸಾಕು. ನಾಲಿಗೆ ಬೇಡ.”

ಯಜಮಾನ ಹಲ್ಲು ಕಿರಿದ. “ಬಾಯಿ ನೋಡಿ ಸಾರ್, ಒಳ್ಳೇ ಹೆಗ್ಗಣದ ಬಿಲ ಇದ್ದಂಗಿದೆ. ಏಯ್ ಕತ್ತರಿ, ಗೂಟದ ಥರ ನಿಂತಿದೀಯಲ್ಲ, ಹಚ್ಚು ಹಳದಿ.”

ಅವಳು ಮ್ಯಾನೇಜರ ಭುಜದ ಮೇಲಿನಿಂದ, ಅವರ ಬಟ್ಟೆಗೆ ತಾಗದ ಹಾಗೆ ಕೈ ಚಾಚಿದಳು. ಅಮ್ಮನಿಗೆ ಹಳದಿ ಹಚ್ಚಿದಳು. ಗುಂಡಿ ಒತ್ತಿದಳು. ಅಮ್ಮ ಕೂದಲು ಸರಿಮಾಡಿಕೊಂಡು ನಕ್ಕು, ಇಲ್ಲವಾದಳು.

“ಈಗ ನೋಡಿ, ಎಷ್ಟು ಚೆಂದ ಬಂತು,” ಎಂದು ಮ್ಯಾನೇಜರು ಫೋನನ್ನು ಮತ್ತೆ ಕಿವಿಗೆ ಹಚ್ಚಿದರು.

*

ಅವರು ಹೋದ ಮೇಲೂ ಅವಳು ಕುರ್ಚಿಯಲ್ಲಿ ಕೂರಲಿಲ್ಲ. ಮೂಲೆಯಲ್ಲಿ ಸದ್ದಿನ ಕೆಲಸ ಮಾಡುತ್ತಿದ್ದ ಕಿವಿಯಣ್ಣ ಎದ್ದು ಬಂದ. ವರ್ಷಗಟ್ಟಲೆ ಕಿವಿಗೆ ಹೆಡ್‌ಫೋನ್ ಹಾಕಿ ಹಾಕಿ ಅವನ ಎಡಗಿವಿ ಹೋಗಿತ್ತು. ಅದಕ್ಕೇ ಆ ಹೆಸರು. ಬರುವ ದಾರಿಯಲ್ಲಿ ಫ್ಯಾನಿನ ಕತ್ತನ್ನು ಇವಳ ಕಡೆ ಒಂದಿಷ್ಟು ತಿರುಗಿಸಿದ.

“ಯಾರಮ್ಮ ಅದು?”

“ನಮ್ಮಮ್ಮ.”

ಇವಳ ಹೆಡ್‌ಫೋನಿನ ಒಂದು ಬದಿ ಕೆಟ್ಟಿತ್ತು. ಕಿವಿಯಣ್ಣ ತನ್ನದನ್ನು ತೆಗೆದು, ಕಿವಿಗೆ ತಾಗುವ ಜಾಗವನ್ನು ಅಂಗಿಯ ಅಂಚಿನಿಂದ ಒರೆಸಿ, ಇವಳ ಮೇಜಿನ ಮೇಲಿಟ್ಟ. “ಟೀ ಕುಡ್ದು ಬರ್ತೀನಿ. ಯಜಮಾನ ಬಂದ್ರೆ ಮೆಟ್ಲ ಮೇಲೇ ಕೆಮ್ಮಿ ಹೇಳ್ತೀನಿ.”

ಅವಳು ಕಡಿಯದೆ ಇದ್ದ ಮೂಲ ಕ್ಲಿಪ್ ತೆಗೆದಳು. ಕ್ಯಾಮೆರಾದವನ ದನಿ ಕೇಳಿತು. “ಒಂದ್ಸಲ ನಕ್ಬಿಡಿ ಅಮ್ಮ, ಅಷ್ಟೇ ಸಾಕು ಅಂದಿದಾರೆ.” ಅಮ್ಮ ನಕ್ಕಳು. ಆಮೇಲೆ, “ಒಂದು ಮಾತು ಹೇಳ್ಲಾ ಮಗಾ?” ಅವನು “ಹೇಳಿ,” ಎಂದ. ಕ್ಯಾಮೆರಾ ನಿಲ್ಲಿಸಲಿಲ್ಲ.

“ನಮ್ಮಕ್ಕನೂ ಇಲ್ಲೇ ಇದ್ಲು. ನಾವಿಬ್ರೂ ಒಂದೇ ದಿವ್ಸ ಸೇರಿದ್ದು. ಅಗೋ, ಆ ಒಣಗ್ಸೋ ಮಷಿನ್ ಇದೆಯಲ್ಲ, ಅಲ್ಲಿ ಮೊದ್ಲು ಬೇರೇದಿತ್ತು. ಬಾಗ್ಲು ತೆಗೆದ್ರೆ ಅದು ತಾನಾಗೇ ನಿಲ್ಬೇಕು. ನಿಲ್ತಿರ್ಲಿಲ್ಲ. ಚಿಲಕ ಕೆಟ್ಟಿತ್ತು. ಹೇಳಿದ್ವಿ. ರಿಪೇರಿ ಅಂದ್ರೆ ಮಷಿನ್ ನಿಲ್ಸಬೇಕಾಗುತ್ತೆ, ವಾರ್ಡಿಗೆ ಹಾಸಿಗೆ ಬಟ್ಟೆ ಸಾಲಲ್ಲ ಅಂದ್ರು. ಚಿಲಕಕ್ಕೆ ಬ್ಯಾಂಡೇಜ್ ಬಟ್ಟೆ ಸುತ್ತಿ ಕಟ್ಟಿ, ನಡೀತಾ ಇರ್ಲಿ ಅಂದ್ರು. ಅಕ್ಕ ಬಟ್ಟೆ ತೆಗೆಯೋಕೆ ಕೈ ಹಾಕಿದ್ಲು. ಕೈ ಬಿಡ್ಲಿಲ್ಲ ಅದು. ಎಳ್ಕೊಂಡ್ಬಿಡ್ತು. ನಾನು ಈ ಕಡೆಯಿಂದ ಕಾಲು ಹಿಡ್ಕೊಂಡೆ...”

ಹಿಂದೆ ಆವಿ ಬುಸುಗುಟ್ಟುತ್ತಿತ್ತು.

“ತಲೆ ತಿರುಗಿ ಬಿದ್ಲು ಅಂತ ಬರ್ಕೊಂಡ್ರು. ತಲೆ ತಿರುಗಿರ್ಲಿಲ್ಲ. ಹಾಡು ಹೇಳ್ಕೊಂಡು ಕೆಲ್ಸ ಮಾಡ್ತಿದ್ಲು. ಆ ಬಟ್ಟೆ ಕಟ್ಟಿದ್ದು ಯಾರು ಗೊತ್ತಾ? ಆಗ ಸೂಪರ್‌ವೈಸರ್ ಆಗಿದ್ದೋರು. ಈಗ ಅವ್ರೇ ದೊಡ್ಡ ಮ್ಯಾನೇಜರು.”

ದೊಡ್ಡಮ್ಮ ಕೆಲಸದ ಜಾಗದಲ್ಲಿ ತಲೆ ತಿರುಗಿ ಬಿದ್ದು ಸತ್ತಳು ಎಂದಷ್ಟೇ ಅವಳಿಗೆ ಗೊತ್ತಿತ್ತು. ಮನೆಯಲ್ಲಿ ಅಮ್ಮ ಒಂದು ದಿನವೂ ಇದನ್ನು ಹೇಳಿರಲಿಲ್ಲ. ಯಾರೋ ಅಪರಿಚಿತ ಹುಡುಗ “ಹೇಳಿ” ಎಂದದ್ದಕ್ಕೆ ಹೇಳಿಬಿಟ್ಟಿದ್ದಳು.

*

ಸಂಜೆ ಮನೆಗೆ ಹೋದಾಗ ಅಮ್ಮ ಕಾಲು ಚಾಚಿ ಕೂತು ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದಳು. ಅವಳು ಪಕ್ಕದಲ್ಲಿ ಕೂತು ಇನ್ನೊಂದು ಕಾಲನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು.

“ಅಮ್ಮ, ಕ್ಯಾಮೆರಾ ಮುಂದೆ ದೊಡ್ಡಮ್ಮನ ವಿಷ್ಯ ಹೇಳಿದೀಯ.”

“ಕೇಳಿಸ್ಕೊಂಡ್ಯಾ?” ಅಮ್ಮನ ಮುಖ ಅರಳಿತು. “ಚೆನ್ನಾಗಿ ಬಂದಿದೆಯಾ? ಗಂಟ್ಲು ಕಟ್ಟಿತ್ತು ಕಣೇ ಅವತ್ತು.”

“ಅದು ಎಲ್ರೂ ನೋಡಿದ್ರೆ ನಿನ್ನ ಕೆಲ್ಸ ಹೋಗುತ್ತೆ. ಗೊತ್ತಿದ್ದೇ ಹೇಳಿದ್ಯಾ, ಹಾಗೇ ಬಾಯಿಗೆ ಬಂತಾ?”

ಅಮ್ಮ ಎಣ್ಣೆ ಬಟ್ಟಲನ್ನು ಪಕ್ಕಕ್ಕಿಟ್ಟಳು. “ಯಾರಾದ್ರೂ ಕೇಳ್ಲಿ ಅಂತ ತಾನೇ ಹೇಳೋದು? ಗೋಡೆಗೆ ಹೇಳೋದಾಗಿದ್ರೆ ಮನೇಲೇ ನಾಲ್ಕು ಗೋಡೆ ಇದಾವೆ.”

“ನಿಂಗೆ ಭಯ ಇಲ್ವಾ?”

“ಇದೆ. ಭಯ ಇಲ್ದೆ ಏನು? ಇಷ್ಟು ವರ್ಷ ಅದನ್ನೇ ತಿಂದ್ಕೊಂಡು ಬದುಕಿದೀನಿ. ಹೊಟ್ಟೆ ತುಂಬ್ತು ಕಣೇ. ಸರಿ ತಿಕ್ಕು, ನಿನ್ನ ಕೈಯಲ್ಲಿ ಜೀವ ಇಲ್ವಾ? ಅಕ್ಕನ ಮಾತು ಇಟ್ಟಿದೀಯ ತಾನೆ?”

“ಇಟ್ಟಿದೀನಿ,” ಎಂದಳು ಮಗಳು. ಆಗ ಅದು ಸುಳ್ಳಾಗಿತ್ತು.

*

ಚಿತ್ರದಲ್ಲಿ ಬರುವ ಹೆಸರಿನ ಹಲಗೆಗಳಿಗೂ ಕಟ್ಟಡಗಳ ದೃಶ್ಯಗಳಿಗೂ ಬಣ್ಣ ಹಚ್ಚುವುದಿಲ್ಲ. ಗರಗಸ ಬಣ್ಣವನ್ನು ಹುಡುಕಿಕೊಂಡು ಹೋಗಿ ಕಡಿಯುತ್ತದೆ; ಬಣ್ಣವಿಲ್ಲದ್ದನ್ನು ದಾಟಿ ಹೋಗುತ್ತದೆ. ಅವಳು ಹಳದಿ ಅಮ್ಮನನ್ನು ತೆಗೆದು ಹಾಕಿ, ಆ ಜಾಗದಲ್ಲಿ ಮೂಲ ಕ್ಲಿಪ್ಪನ್ನು ಒಂದು ಉಸಿರನ್ನೂ ಕಡಿಯದೆ ಪೂರ್ತಿ ತಂದಿಟ್ಟಳು. ಬಣ್ಣ ಹಚ್ಚಲಿಲ್ಲ.

ಆದರೆ ಚಿತ್ರ ಉದ್ದವಾಯಿತು. ಯಜಮಾನ ಮುಗಿದ ಚಿತ್ರವನ್ನು ಎಂದೂ ಪೂರ್ತಿ ನೋಡುತ್ತಿರಲಿಲ್ಲ. ಮೊದಲ ನಿಮಿಷ ನೋಡಿ, ಕೆಳಗೆ ಒಟ್ಟು ಉದ್ದದ ಅಂಕಿ ಸರಿಯಿದೆಯೇ ಎಂದು ನೋಡಿ ಕಳಿಸಿಬಿಡುತ್ತಿದ್ದ. ಆ ಅಂಕಿ ಸರಿಯಿರಲೇಬೇಕು. ಹೆಚ್ಚಾದದ್ದನ್ನು ಎಲ್ಲಿಂದಾದರೂ ತೆಗೆಯಬೇಕು.

ಮ್ಯಾನೇಜರ ಭಾಷಣ ಚಿತ್ರದ ನಡುನಡುವೆ ಐದು ಕಡೆ ಬರುತ್ತಿತ್ತು, ಐದೂ ಕೆಂಪು. ಅವಳು ಮೊದಲನೆಯದನ್ನು ಮಾತ್ರ ಹಾಗೆಯೇ ಬಿಟ್ಟಳು. ಉಳಿದ ನಾಲ್ಕಕ್ಕೂ ಹಳದಿ ಹಚ್ಚಿದಳು. ಗುಂಡಿ ಒತ್ತಿದಳು, ಉದ್ದದ ಅಂಕಿ ಸರಿಹೋಯಿತು. ಅದನ್ನು ನೋಡಿ ನಗು ಬಂತು. ಅದಕ್ಕೆ ಹೆದರಿ ಸುತ್ತಲೂ ನೋಡಿದಳು.

ಚಿತ್ರ ಸದ್ದಿನ ಮೇಜಿಗೆ ಹೋಯಿತು. ಕಿವಿಯಣ್ಣ ಕೇಳುತ್ತಾ ಕೂತ. ಅಮ್ಮನ ಜಾಗ ಬಂದಾಗ ಅವನ ಕೈ ನಿಂತಿತು. ಒಮ್ಮೆ ಕೇಳಿದ. ಹಿಂದಕ್ಕೆ ಹೋಗಿ ಮತ್ತೊಮ್ಮೆ ಕೇಳಿದ. ಅವಳು ಅವನ ಬೆನ್ನನ್ನೇ ನೋಡುತ್ತಿದ್ದಳು. ಅವನಿಗೂ ಮನೆ ಇತ್ತು, ಹೆಂಡತಿ ಇದ್ದಳು, ಉಳಿದದ್ದು ಒಂದೇ ಕಿವಿ.

ಕಡೆಗೆ ಹೆಡ್‌ಫೋನ್ ಕೆಳಗಿಟ್ಟ. “ಆವಿ ಸದ್ದು ಜಾಸ್ತಿ ಇತ್ತು ಕಣಮ್ಮ. ಮಾತು ಮುಳುಗಿ ಹೋಗ್ತಿತ್ತು. ಆವಿ ಇಳಿಸಿ, ನಿಮ್ಮಮ್ಮನ ದನಿ ಸ್ವಲ್ಪ ಎತ್ತಿದೀನಿ.”

“ಅಣ್ಣಾ, ನಿನ್ನನ್ನ ಕೇಳಿದ್ರೆ?”

“ನನ್ನನ್ನಾ? ನಂಗೆ ಕಿವಿ ಕೇಳಲ್ಲ ಅಂತ ಊರಿಗೇ ಗೊತ್ತು.”

ಯಜಮಾನ ಬಂದ. ಮೊದಲ ನಿಮಿಷ ನೋಡಿದ. ಉದ್ದ ನೋಡಿದ. “ಒಂದು ಸಲನಾದ್ರೂ ಮನುಷ್ರ ಥರ ಕೆಲ್ಸ ಮಾಡಿದೀಯ,” ಎಂದು ಹೇಳಿ ಕಳಿಸಿದ.

*

ಸಮಾರಂಭದ ದಿನ ಬೆಳಿಗ್ಗೆ ಸಭಾಂಗಣದಲ್ಲಿ ಮೆತ್ತನೆಯ ಕುರ್ಚಿಗಳು ದೊಡ್ಡವರಿಗೆ, ಪ್ಲಾಸ್ಟಿಕ್ ಕುರ್ಚಿಗಳು ನರ್ಸುಗಳಿಗೆ. ಒಗೆಯುವ ಮನೆಯವರು, ಗುಡಿಸುವವರು ಹಿಂದಿನ ಗೋಡೆಗೆ ಒರಗಿ ನಿಂತಿದ್ದರು. ಅಮ್ಮ ಒಳ್ಳೆಯ ಬಟ್ಟೆ ಉಟ್ಟು ಬಂದಿದ್ದಳು. ಮಗಳನ್ನು ಕರೆದುಕೊಂಡು ಹೋಗಿ ಒಬ್ಬೊಬ್ಬರಿಗೂ ತೋರಿಸಿದಳು. ಒಬ್ಬಾಕೆ ಇವಳ ಕೆನ್ನೆ ಮುಟ್ಟಿ, “ನಿಮ್ಮ ದೊಡ್ಡಮ್ಮನ ಮೂಗೇ ಕಣವ್ವಾ,” ಎಂದಳು.

ದೀಪ ಆರಿತು. ಕಟ್ಟಡ ಬಂತು, ಯಂತ್ರಗಳು ಬಂದವು, ಮ್ಯಾನೇಜರು ಹದಿನೈದು ಸೆಕೆಂಡು ಸೇವೆಯ ಬಗ್ಗೆ ಹೇಳಿದರು. ಎರಡನೆಯ ಸಲ ಬಂದು ಟೈ ಸರಿಮಾಡಿಕೊಂಡರು, ಬಾಯಿ ತೆರೆದರು, ಹೋದರು. ಮೂರನೆಯ ಸಲ “ನಮ್ಮ...” ಎಂದು ಹೋದರು. ನರ್ಸುಗಳ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮುಂದಿನ ಸಾಲಿನಲ್ಲಿ ಮ್ಯಾನೇಜರು ಹಿಂದಕ್ಕೆ ತಿರುಗಿ ಯಜಮಾನನನ್ನು ಹುಡುಕಿದರು.

ಆಗ ಅಮ್ಮ ಪರದೆಯ ತುಂಬ ಬಂದಳು. ಗೋಡೆಯ ಪಕ್ಕ ನಿಂತವರು “ಏ, ಬಂದ್ಲು ಬಂದ್ಲು” ಎಂದು ಒಬ್ಬರನ್ನೊಬ್ಬರು ತಿವಿದರು. ಆಮೇಲೆ ಯಾರೂ ತಿವಿಯಲಿಲ್ಲ. ಕಿವಿಯಣ್ಣ ಎತ್ತಿದ್ದ ದನಿ ಮೂಲೆಮೂಲೆಗೂ ಸ್ಪಷ್ಟವಾಗಿ ಕೇಳುತ್ತಿತ್ತು. ಚಿಲಕ ಕೆಟ್ಟದ್ದು ಬಂತು. ಬ್ಯಾಂಡೇಜ್ ಬಟ್ಟೆ ಬಂತು. ಮಗಳ ಫೋನು ಕೈಯೊಳಗೆ ಗುರುಗುಟ್ಟಿತು, ಯಜಮಾನ. ಅವಳು ತೆಗೆಯಲಿಲ್ಲ.

“ನಿಲ್ಸೋ! ನಿಲ್ಸೋ ಬೋಳಿಮಗನೆ!” ಮ್ಯಾನೇಜರು ಎದ್ದು ನಿಂತಿದ್ದರು. ಅವರ ತಲೆಯ ನೆರಳು ಅಮ್ಮನ ಗಂಟಲಿನ ಮೇಲೆ ಬಿದ್ದಿತ್ತು.

“...ನಾನು ಈ ಕಡೆಯಿಂದ ಕಾಲು ಹಿಡ್ಕೊಂಡೆ,” ಎಂದಳು ಪರದೆಯ ಅಮ್ಮ. ಪರದೆ ಕಪ್ಪಾಯಿತು.

ಮುಂದಿನ ಮಾತು ಕತ್ತಲೆಯಿಂದಲೇ ಬಂತು.

“ಹಿಡ್ಕೊಂಡು ಎಳ್ದೆ,” ಎಂದಳು ಅಮ್ಮ, ಹಿಂದಿನ ಗೋಡೆಯ ಹತ್ತಿರದಿಂದ. “ಚಪ್ಲಿ ಒಂದು ನನ್ನ ಕೈಗೆ ಬಂತು.”

ದೀಪ ಹತ್ತಿದಾಗ ಅವಳು ಆಗಲೇ ಕುರ್ಚಿಗಳ ನಡುವಿನ ದಾರಿಯಲ್ಲಿ ನಡೆಯುತ್ತಿದ್ದಳು, ಮೊಣಕಾಲು ನೋವಿನಿಂದ ಒಂದೊಂದೇ ಹೆಜ್ಜೆ. ಪ್ಲಾಸ್ಟಿಕ್ ಕುರ್ಚಿಯ ಒಬ್ಬ ನರ್ಸು ದಾರಿಗೆ ಚಾಚಿದ್ದ ತನ್ನ ಚೀಲವನ್ನು ಸದ್ದಿಲ್ಲದೆ ಒಳಕ್ಕೆಳೆದುಕೊಂಡಳು. ಅವಳ ಮುಂದಿನವಳೂ ಎಳೆದುಕೊಂಡಳು. ಮಗಳು ಹಿಂದೆ ಓಡಿ ಬಂದವಳು ಅಮ್ಮನ ತೋಳು ಹಿಡಿಯಲು ಕೈ ಚಾಚಿ, ಹಿಡಿಯದೆ ಜೊತೆಯಲ್ಲಿ ನಡೆದಳು.

“ಯಾರಿದು? ಹೊರಗೆ ಹಾಕ್ರಿ ಇವಳನ್ನ!” ಮ್ಯಾನೇಜರ ದನಿ ಒಡೆಯಿತು.

ಅಮ್ಮ ಅವರ ಎದುರು ಬಂದು ನಿಂತಳು. ಕೈ ಎತ್ತಲಿಲ್ಲ, ಕೂಗಲಿಲ್ಲ.

“ಆ ಬಟ್ಟೆ ಕಟ್ಟುವಾಗ ಎರಡು ಗಂಟು ಹಾಕಿದ್ರಿ ಸಾರ್ ನೀವು. ಒಂದು ಬಿಚ್ಕೊಂಡ್ರೆ ಅಂತ ಇನ್ನೊಂದು. ಅವತ್ತು ಯಾರ ಕಣ್ಣಿಗೂ ಬೀಳ್ದಿರ್ಲಿ ಅಂತ ಅದನ್ನ ಕತ್ತರಿಸಿ ಬಿಸಾಕಿದ್ದು ಯಾರು? ನಾನಲ್ಲ. ನನ್ನ ಕೈಯಲ್ಲಿ ಅಕ್ಕನ ಕಾಲಿತ್ತು.”

ಕಾವಲಿನವರು ಬಾಗಿಲ ಕಡೆಯಿಂದ ಬರುತ್ತಿದ್ದರು. ಅವರಿಗಿಂತ ಮೊದಲು ಗೋಡೆಗೆ ಒರಗಿದ್ದ ಒಗೆಯುವ ಮನೆಯ ಹೆಂಗಸರು ಗೋಡೆ ಬಿಟ್ಟು, ಮೆತ್ತನೆಯ ಕುರ್ಚಿಗಳ ನಡುವೆ ಬಂದು ನಿಂತರು.

“ಹೇಳಿ ಸಾರ್,” ಎಂದಳು ಅಮ್ಮ. ಮತ್ತೆ ಕೇಳಲಿಲ್ಲ. ಅವರ ಬಾಯನ್ನೇ ನೋಡುತ್ತಾ ನಿಂತಳು. ಅವಳಿಗೆ ಯಾವ ಅವಸರವೂ ಇರಲಿಲ್ಲ.