ಬೂಸ್ಟರ್ ಕೂರಿಸಿದ ಮೇಲೆ

ಬಕ್ಕೇಶಪ್ಪನವರು ತಮ್ಮ ಅರವತ್ತು ವರ್ಷದ ಹಳೇ ಪಿಕಪ್ಪನ್ನು ಹರಿಹರದ ಲಿಂಗಣ್ಣನ ಗ್ಯಾರೇಜಿಗೆ ತಂದಾಗ ಅದರ ಬಂಪರ್ ನೆಗ್ಗಿತ್ತು. ಹಿಂದಿನ ವಾರ ದಾವಣಗೆರೆಯಲ್ಲಿ ಎಳನೀರು ಗಾಡಿಯೊಂದಕ್ಕೆ ಗುದ್ದಿದ್ದರು. ಮಾರುತ್ತಿದ್ದ ಮರಿಯವ್ವ ಸ್ವಲ್ಪದರಲ್ಲಿ ಉಳಿದಿದ್ದಳು.

"ಬ್ರೇಕ್ ಕಲ್ಲಾಗೈತೆ ಲಿಂಗಣ್ಣ. ಮೈಭಾರ ಹಾಕಿ ತುಳಿದ್ರೂ ನಿಲ್ಲಂಗಿಲ್ಲ. ಬೂಸ್ಟರ್ ಕೂರಿಸಿಬಿಡು."

ಕಾಲಿನ ಒತ್ತಡಕ್ಕೆ ಬಲ ಕೂಡಿಸುವ ಬೂಸ್ಟರ್ ಇಡಲು ಆ ಕಾಲದ ಗಾಡಿಯಲ್ಲಿ ಜಾಗವೇ ಇರಲಿಲ್ಲ. ಲಿಂಗಣ್ಣ ದಪ್ಪ ತಗಡು ಕತ್ತರಿಸಿ ಅದನ್ನು ಕೂರಿಸುವ ಪಟ್ಟಿ ಮಾಡಿದ, ಬೂಸ್ಟರಿನಿಂದ ಎಂಜಿನ್ನಿಗೆ ಗಾಳಿ ಎಳೆಯುವ ಪೈಪು ಜೋಡಿಸಿದ. ಮೊದಲ ಪೈಪು ಎಳೆತಕ್ಕೆ ಚಪ್ಪಟೆಯಾಯಿತು. ಗಟ್ಟಿಯಾದದ್ದನ್ನು ಹುಡುಕಿ ತಂದ. ಮೂರನೆಯ ದಿನ ಪೆಡಲ್ ಒತ್ತಿ ಹಿಡಿದು ಎಂಜಿನ್ ಚಾಲೂ ಮಾಡಿದರೆ, ಪೆಡಲ್ ಕಾಲಡಿಯಲ್ಲಿ ತಾನೇ ಮೆತ್ತಗೆ ಇಳಿಯಿತು. ಬೂಸ್ಟರ್ ಕೆಲಸ ಮಾಡುತ್ತಿದೆಯೆಂದು ಅವನಿಗೆ ಖುಷಿಯಾಯಿತು.

ಬಕ್ಕೇಶಪ್ಪನವರೇ ಓಡಿಸಿ ನೋಡಲು ಹೊರಟರು. ಲಿಂಗಣ್ಣ ಪಕ್ಕದಲ್ಲಿ ಕೂತ. ಗುತ್ತೂರು ದಾಟುವಾಗ ಕುರಿಹಿಂಡು ಅಡ್ಡ ಬಂತು.

"ಯಜಮಾನ್ರ, ಬ್ರೇಕ್!"

"ಒತ್ತೀನಲ್ಲೋ!"

ಗಾಡಿ ನಿಲ್ಲಲಿಲ್ಲ. ಲಿಂಗಣ್ಣ ಹ್ಯಾಂಡ್‌ಬ್ರೇಕ್ ಎಳೆದು ಸ್ಟೇರಿಂಗ್ ತಿರುವಿದ. ಪಿಕಪ್ಪು ರಸ್ತೆ ಬಿಟ್ಟು ಮಣ್ಣಿಗಿಳಿದು ನಿಂತಿತು. ಕುರಿಗಳು ಪಾರಾದವು.

ಲಿಂಗಣ್ಣ ಕೆಳಗೆ ಬಗ್ಗಿ ನೋಡಿದ. ಬಕ್ಕೇಶಪ್ಪನವರ ಕಾಲು ಪೆಡಲಿನ ಮೇಲಿರಲಿಲ್ಲ. ಪೆಡಲಿನ ಪಕ್ಕದಲ್ಲಿ ಗಾಡಿಯ ತಳವನ್ನು ಬಲವಾಗಿ ಒತ್ತುತ್ತಿತ್ತು, ಈಗಲೂ.

"ನಿನ್ನ ಬೂಸ್ಟರ್ ಕೆಲಸ ಮಾಡ್ಲಿಲ್ಲ ನೋಡು," ಎಂದರು ಅವರು.

ಲಿಂಗಣ್ಣ ಅವರ ಕಾಲಿನ ಹೆಬ್ಬೆರಳನ್ನು ಚಿವುಟಿದ. "ನೋವಾತೇನ್ರಿ?"

"ಏನು ಮಾಡಿದಿ?"

ಲಿಂಗಣ್ಣ ಬೆರಳನ್ನು ಇನ್ನೊಮ್ಮೆ, ಅವರಿಗೆ ಕಾಣುವಂತೆ ಚಿವುಟಿ ತೋರಿಸಿದ.

"ಶುಗರ್ ಐತಲ್ಲ, ಜೋಮು ಹಿಡೀತದೆ," ಎಂದರು ಬಕ್ಕೇಶಪ್ಪ ಕೊನೆಗೆ. "ಮನ್ಯಾಗ ಹೇಳಬ್ಯಾಡ. ಗಾಡಿ ಕಸ್ಕೊಂಡ್ರೆ ನಾನು ಮೂಲ್ಯಾಗ ಕೂಡಬೇಕಾಗ್ತೈತಿ."

ಲಿಂಗಣ್ಣ ತಾನೇ ಗಾಡಿ ಓಡಿಸಿಕೊಂಡು ಅವರನ್ನು ದಾವಣಗೆರೆಯ ಮನೆಗೆ ಕರೆದೊಯ್ದ. ನಲವತ್ತು ವರ್ಷದ ಗಿರಾಕಿ. ತನ್ನ ಮದುವೆಗೆ ಇದೇ ಪಿಕಪ್ಪು ಕೊಟ್ಟಿದ್ದ ಮನುಷ್ಯ.

ದೇವರಾಜ ಅರಸು ಬಡಾವಣೆಯ ಮನೆಮುಂದೆ ಬಕ್ಕೇಶಪ್ಪನವರ ಹೆಂಡತಿ ಕಸ್ತೂರಮ್ಮ ಗೇಟು ತೆಗೆದರು. "ಯಾಕ ಲಿಂಗಣ್ಣ, ನೀವು ಓಡಿಸ್ಕೊಂಡು ಬಂದ್ರಿ?"

"ಬೂಸ್ಟರ್ ಇನ್ನೂ ಸರಿಯಾಗಿಲ್ಲ," ಎಂದರು ಬಕ್ಕೇಶಪ್ಪ ಅವಸರದಲ್ಲಿ, ಲಿಂಗಣ್ಣನ ಮುಖವನ್ನೇ ನೋಡುತ್ತ.

"ಬೂಸ್ಟರ್ ಸರಿ ಐತ್ರಮ್ಮ," ಎಂದ ಲಿಂಗಣ್ಣ. "ಯಜಮಾನ್ರ ಕಾಲಿಗೆ ಸ್ಪರ್ಶ ಇಲ್ಲ. ಇನ್ನು ಓಡಿಸಬಾರದು." ಕೀಲಿಯನ್ನು ಕಸ್ತೂರಮ್ಮನವರ ಕೈಯಲ್ಲಿಟ್ಟ.

ಬಕ್ಕೇಶಪ್ಪ ಒಳಗೆ ನಡೆದರು. ಯಾವತ್ತೂ ಚಹಾ ಕುಡಿಸದೆ ಕಳಿಸದವರು, ಅಂದು ತಿರುಗಿಯೂ ನೋಡಲಿಲ್ಲ. ಲಿಂಗಣ್ಣ ಹರಿಹರದ ಬಸ್ಸು ಹಿಡಿಯಲು ಬಿಸಿಲಲ್ಲಿ ನಡೆದ.